ಕಲ್ಲಿನಿಂದ ನೀರಿಗೆ, ನೀರಿನಿಂದ ಎಲುಬಿಗೆ: ಪರಮಾಣು ಅಯಾನಾಗುವ ಬಗೆ

ನಮ್ಮ ಭಾಗದ ಹಿರಿಯರಿಗೆ ನೀರಿನ ಪರೀಕ್ಷಕ ಎಂದರೆ ನಾಲಿಗೆಯೇ. ಹಿರೇಕೊಟ್ನೆಕಲ್, ಮಾನ್ವಿ, ದೇವದುರ್ಗ ಕಡೆಯ ಯಾವ ಊರಿಗೆ ಹೋಗಿ ಕೇಳಿದರೂ ಇದು ಸಿಹಿನೀರಿನ ಬಾವಿ, ಅದು ಸವಳು ನೀರಿನ ಬಾವಿ, ಈ ನೀರಿಗೆ ಬೇಳೆ ಬೇಯುವುದಿಲ್ಲ, ಆ ನೀರಿಗೆ ಸಾಬೂನು ನೊರೆ ಬಿಡುವುದಿಲ್ಲ ಎಂದು ಖಚಿತವಾಗಿ ಹೇಳುತ್ತಾರೆ. ಆ ಜ್ಞಾನ ಸುಳ್ಳಲ್ಲ. ಆದರೆ ನಾಲಿಗೆಗೆ ಸಿಗದ, ಕಣ್ಣಿಗೆ ಕಾಣದ, ಮೂಗಿಗೆ ವಾಸನೆ ಬಾರದ ಒಂದು ವಸ್ತು ಈ ನೆಲದ ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಇದೆ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿಗಳನ್ನು ಬರೆಯುವುದೂ, ನಡುಹರೆಯದವರ ಬೆನ್ನನ್ನು ಕೋಲಿನಂತೆ ಬಿಗಿಸುವುದೂ ಅದೇ. ಅದರ ಹೆಸರು ಫ್ಲೋರೈಡ್.

ಆರೋಗ್ಯದ ಮಾತು ಬಂದಾಗಲೆಲ್ಲ ತಾಯಂದಿರು ಕೇಳುವ ಪ್ರಶ್ನೆಯೊಂದಿದೆ: "ನಾವು ನೀರು ಸೋಸತೀವಿ, ಕುದಿಸತೀವಿ, ತಾಮ್ರದ ಕೊಡದಾಗ ಇಡತೀವಿ. ಇನ್ನೇನು ಮಾಡಬೇಕ್ರಿ?" ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಬಹುದು: ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಆದರೆ ಏಕೆ ಹೋಗುವುದಿಲ್ಲ ಎಂಬುದು ಮನಸ್ಸಿಗೆ ಇಳಿಯದ ಹೊರತು ಈ ಮಾತು ನಂಬಿಕೆಯಾಗಿ ನಿಲ್ಲುವುದಿಲ್ಲ. ಅದು ತಿಳಿಯಬೇಕಾದರೆ ಪರಮಾಣು ಎಂದರೇನು, ಅದು ಅಯಾನಾಗುವುದು ಹೇಗೆ ಎಂಬುದನ್ನು ಸ್ವಲ್ಪ ಸಾವಧಾನದಿಂದ ನೋಡಬೇಕು. ವಿಷಯ ಶಾಲೆಯ ಪಾಠದಂತೆ ತೋರಿದರೂ ಇದರ ಫಲ ಅಡುಗೆಮನೆಯ ಕೊಡದಲ್ಲಿದೆ.

ಸಮತೂಕದ ತಕ್ಕಡಿ

ಜಗತ್ತಿನ ಎಲ್ಲ ವಸ್ತುಗಳೂ ಪರಮಾಣುಗಳಿಂದ ಆಗಿವೆ. ಪ್ರತಿಯೊಂದು ಪರಮಾಣುವಿನ ನಡುವೆ ಅತಿ ಸಣ್ಣದಾದ ಒಂದು ಬೀಜಕೇಂದ್ರ. ಅದರಲ್ಲಿ ಧನ ವಿದ್ಯುದಾವೇಶವುಳ್ಳ ಪ್ರೋಟಾನುಗಳು ಮತ್ತು ಯಾವ ಆವೇಶವೂ ಇಲ್ಲದ ನ್ಯೂಟ್ರಾನುಗಳು ಇರುತ್ತವೆ. ಬೀಜಕೇಂದ್ರದ ಸುತ್ತ ಋಣ ವಿದ್ಯುದಾವೇಶವುಳ್ಳ ಎಲೆಕ್ಟ್ರಾನುಗಳು ಇರುತ್ತವೆ. ಈ ಎಲೆಕ್ಟ್ರಾನನ್ನು 1897ರಲ್ಲಿ ಇಂಗ್ಲೆಂಡಿನ ಜೆ. ಜೆ. ಥಾಮ್ಸನ್ ಗುರುತಿಸಿದರು.

ಒಂದು ಪರಮಾಣುವಿನಲ್ಲಿ ಎಷ್ಟು ಪ್ರೋಟಾನುಗಳಿವೆಯೋ ಅಷ್ಟೇ ಎಲೆಕ್ಟ್ರಾನುಗಳು. ತಕ್ಕಡಿಯ ಎರಡೂ ತಟ್ಟೆಗಳಲ್ಲಿ ಸಮ ತೂಕವಿಟ್ಟಂತೆ ಧನವೂ ಋಣವೂ ಸರಿಹೋಗಿ, ಒಟ್ಟಿನಲ್ಲಿ ಪರಮಾಣುವಿಗೆ ಯಾವ ಆವೇಶವೂ ಇರುವುದಿಲ್ಲ. ಪ್ರೋಟಾನುಗಳು ಬೀಜಕೇಂದ್ರದಲ್ಲಿ ಗಟ್ಟಿಯಾಗಿ ಬಂಧಿತವಾಗಿವೆ. ಕುದಿಸುವುದು, ಕರಗಿಸುವುದು, ಸುಡುವುದು ಮುಂತಾದ ನಿತ್ಯದ ಯಾವ ಕ್ರಿಯೆಯೂ ಅವನ್ನು ಮುಟ್ಟಲಾರದು. ಆದರೆ ಹೊರಗಿನ ಎಲೆಕ್ಟ್ರಾನುಗಳು ಹಾಗಲ್ಲ. ಅವು ಒಂದು ಪರಮಾಣುವನ್ನು ಬಿಟ್ಟು ಇನ್ನೊಂದಕ್ಕೆ ಹೋಗಬಲ್ಲವು. ಎಲೆಕ್ಟ್ರಾನು ಕಳೆದುಕೊಂಡ ಪರಮಾಣುವಿನಲ್ಲಿ ಧನದ ತಟ್ಟೆ ಭಾರವಾಗುತ್ತದೆ. ಅದು ಧನ ಅಯಾನು. ಎಲೆಕ್ಟ್ರಾನು ಪಡೆದುಕೊಂಡ ಪರಮಾಣುವಿನಲ್ಲಿ ಋಣದ ತಟ್ಟೆ ಭಾರವಾಗುತ್ತದೆ. ಅದು ಋಣ ಅಯಾನು. ಅಯಾನು ಎಂದರೆ ಇಷ್ಟೇ: ಎಲೆಕ್ಟ್ರಾನುಗಳ ಲೆಕ್ಕ ತಪ್ಪಿ ವಿದ್ಯುದಾವೇಶ ಹೊಂದಿದ ಪರಮಾಣು, ಅಥವಾ ಪರಮಾಣುಗಳ ಒಂದು ಸಣ್ಣ ಗುಂಪು.

ಯಾವ ಪರಮಾಣು ಕೊಡುತ್ತದೆ, ಯಾವುದು ಪಡೆಯುತ್ತದೆ? ಎಲೆಕ್ಟ್ರಾನುಗಳು ಬೀಜಕೇಂದ್ರದ ಸುತ್ತ ಕವಚ ಕವಚವಾಗಿ ಇರುತ್ತವೆ. ಮೊದಲ ಕವಚಕ್ಕೆ ಎರಡು ತುಂಬಿದರೆ ಪೂರ್ಣ; ಮುಂದಿನ ಹೊರಕವಚದಲ್ಲಿ ಎಂಟಾದರೆ ಸ್ಥಿರತೆ. ಹೊರಗಿನ ಕವಚದಲ್ಲಿ ಒಂದೆರಡೇ ಎಲೆಕ್ಟ್ರಾನುಗಳಿರುವ ಪರಮಾಣುವಿನಿಂದ ಅವನ್ನು ಬಿಡಿಸುವುದು ಸುಲಭ. ಎಂಟಕ್ಕೆ ಒಂದೆರಡು ಕಡಿಮೆ ಇರುವ ಪರಮಾಣು ಹೊರಗಿನಿಂದ ಎಳೆದುಕೊಳ್ಳುತ್ತದೆ.

ವಿಷದ ಜೋಡಿ ಉಪ್ಪಾದದ್ದು

ನಿತ್ಯ ಬಳಸುವ ಉಪ್ಪನ್ನೇ ನೋಡೋಣ. ಸೋಡಿಯಂ ಎಂಬ ಲೋಹದ ಪರಮಾಣುವಿನಲ್ಲಿ 11 ಎಲೆಕ್ಟ್ರಾನುಗಳು: ಎರಡು, ಎಂಟು, ಒಂದು. ಕ್ಲೋರಿನ್ ಪರಮಾಣುವಿನಲ್ಲಿ 17: ಎರಡು, ಎಂಟು, ಏಳು. ಸೋಡಿಯಂ ಲೋಹ ನೀರಿಗೆ ಬಿದ್ದರೆ ಸಿಡಿದು ಉರಿಯುತ್ತದೆ. ಆದ್ದರಿಂದಲೇ ಕಾಲೇಜಿನ ಪ್ರಯೋಗಾಲಯಗಳಲ್ಲಿ ಅದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಡುತ್ತಾರೆ. ಕ್ಲೋರಿನ್ ಹಳದಿ ಹಸಿರು ಬಣ್ಣದ ವಿಷಾನಿಲ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್‌ನಲ್ಲಿ, ಬೆಲ್ಜಿಯಂನ ಈಪರ್ ಎಂಬಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದನ್ನೇ. ಇವೆರಡೂ ಕೂಡಿದಾಗ ಸೋಡಿಯಂನ ಹೊರಗಿನ ಒಂದು ಎಲೆಕ್ಟ್ರಾನು ಕ್ಲೋರಿನ್‌ಗೆ ಹೋಗುತ್ತದೆ. ಸೋಡಿಯಂ ಧನ ಅಯಾನಾಯಿತು, ಕ್ಲೋರಿನ್ ಕ್ಲೋರೈಡ್ ಎಂಬ ಋಣ ಅಯಾನಾಯಿತು. ಎದುರು ಆವೇಶಗಳು ಒಂದನ್ನೊಂದು ಸೆಳೆದು ಸಾಲುಸಾಲಾಗಿ ಕುಳಿತಾಗ ಹುಟ್ಟಿದ ಹರಳೇ ಅಡುಗೆಯ ಉಪ್ಪು.

ಇಲ್ಲಿ ಗಮನಿಸಬೇಕಾದ ಮಾತು ಎರಡು. ಸೋಡಿಯಂ ತಾನಾಗಿಯೇ ಎಲೆಕ್ಟ್ರಾನನ್ನು ಧಾರೆಯೆರೆಯುತ್ತದೆ ಎಂದು ಹೇಳುವುದುಂಟು. ಅದು ಪೂರ್ಣ ಸತ್ಯವಲ್ಲ. ಅದರ ಎಲೆಕ್ಟ್ರಾನನ್ನು ಬಿಡಿಸಲು ಶಕ್ತಿ ಖರ್ಚಾಗಲೇಬೇಕು. ಅಯಾನುಗಳು ಪರಸ್ಪರ ಸೆಳೆದು ಹರಳಾಗುವಾಗ ಅದಕ್ಕಿಂತ ಹೆಚ್ಚಿನ ಶಕ್ತಿ ಹೊರಬರುತ್ತದೆ. ಆ ಲಾಭದಿಂದಲೇ ಈ ವ್ಯವಹಾರ ನಡೆಯುತ್ತದೆ. ಎರಡನೆಯದು ಇನ್ನೂ ಮುಖ್ಯ. ಸೋಡಿಯಂನ ಬೀಜಕೇಂದ್ರ ಬದಲಾಗಿಲ್ಲ, ಕ್ಲೋರಿನ್‌ನ ಬೀಜಕೇಂದ್ರವೂ ಬದಲಾಗಿಲ್ಲ. ಒಂದೇ ಒಂದು ಎಲೆಕ್ಟ್ರಾನು ಮನೆ ಬದಲಿಸಿದ್ದಕ್ಕೆ ಉರಿಯುವ ಲೋಹವೂ ಕೊಲ್ಲುವ ಅನಿಲವೂ ಅನ್ನಕ್ಕೆ ರುಚಿಯಾದವು. ಆದ್ದರಿಂದ ಒಂದು ಮೂಲವಸ್ತುವಿನ ಹೆಸರು ಕೇಳಿದ ಮಾತ್ರಕ್ಕೆ ಹೆದರುವುದೂ ಸಲ್ಲ, ನಂಬುವುದೂ ಸಲ್ಲ. ಅದು ಯಾವ ರೂಪದಲ್ಲಿದೆ, ಎಷ್ಟು ಪ್ರಮಾಣದಲ್ಲಿದೆ ಎಂಬುದೇ ಪ್ರಶ್ನೆ.

ನೀರಿನಲ್ಲಿ ಕರಗುವುದೆಂದರೇನು?

ನೀರಿನ ಅಣುವಿಗೆ ಒಂದು ವಿಶೇಷ ಗುಣವಿದೆ. ಅದರ ಆಮ್ಲಜನಕದ ತುದಿ ತುಸು ಋಣ, ಜಲಜನಕದ ತುದಿಗಳು ತುಸು ಧನ. ಉಪ್ಪಿನ ಹರಳು ನೀರಿಗೆ ಬಿದ್ದಾಗ ನೀರಿನ ಅಣುಗಳು ಸೋಡಿಯಂ ಅಯಾನನ್ನು ತಮ್ಮ ಋಣ ತುದಿಯಿಂದಲೂ ಕ್ಲೋರೈಡ್ ಅಯಾನನ್ನು ಧನ ತುದಿಯಿಂದಲೂ ಸುತ್ತುವರಿದು ಹರಳಿನಿಂದ ಬಿಡಿಸಿಕೊಳ್ಳುತ್ತವೆ. ಉಪ್ಪು ಕಾಣದಾಗುವುದು ಹೀಗೆ. ಅದು ನಾಶವಾಗಿಲ್ಲ, ಒಂದೊಂದು ಅಯಾನೂ ನೀರಿನ ಅಣುಗಳನ್ನು ಹೊದ್ದುಕೊಂಡು ಬಿಡಿಬಿಡಿಯಾಗಿ ತಿರುಗಾಡುತ್ತಿದೆ.

'ಅಯಾನು' ಎಂಬುದು ಗ್ರೀಕ್ ಮೂಲದ ಶಬ್ದ. ಚಲಿಸುವುದು ಎಂದು ಅರ್ಥ. ಇದನ್ನು 1834ರಲ್ಲಿ ಬಳಕೆಗೆ ತಂದವರು ಮೈಕೆಲ್ ಫ್ಯಾರಡೆ. ಲವಣಗಳು ನೀರಿನಲ್ಲಿ ಕರಗಿದೊಡನೆಯೇ ಅಯಾನುಗಳಾಗಿ ಬೇರ್ಪಡುತ್ತವೆ ಎಂದು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1884ರಲ್ಲಿ ತಮ್ಮ ಪ್ರಬಂಧದಲ್ಲಿ ಪ್ರತಿಪಾದಿಸಿದಾಗ ಗುರುಗಳೇ ಅದನ್ನು ಹಗುರವಾಗಿ ಕಂಡರು. ಅದೇ ವಿಚಾರಕ್ಕೆ 1903ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ನೀರಿನಲ್ಲಿ ವಿದ್ಯುತ್ತು ಹರಿಯುವುದು ಈ ಅಯಾನುಗಳ ದೆಸೆಯಿಂದ. ಅತಿ ಶುದ್ಧವಾದ ನೀರಿನಲ್ಲಿ ವಿದ್ಯುತ್ತು ಬಹಳ ಕಡಿಮೆ ಹರಿಯುತ್ತದೆ. ನಮ್ಮ ಕೊಳವೆ ಬಾವಿಯ ನೀರಿನಲ್ಲಿಯೂ ಮೈಯ ಬೆವರಿನಲ್ಲಿಯೂ ಅಯಾನುಗಳು ತುಂಬಿರುವುದರಿಂದ ಸಲೀಸಾಗಿ ಹರಿಯುತ್ತದೆ. ಒದ್ದೆ ಕೈಯಿಂದ ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಟ್ಟಬಾರದೆಂದು ಹೇಳುವುದು ಇದೇ ಕಾರಣಕ್ಕೆ.

ದೇಹವೂ ಅಯಾನುಗಳ ನೆಲೆ

ಅಯಾನುಗಳೆಲ್ಲ ಕೆಟ್ಟವೆಂದು ಭಾವಿಸಬಾರದು. ಅವಿಲ್ಲದೆ ಒಂದು ಕ್ಷಣವೂ ಜೀವ ನಿಲ್ಲದು. ರೊಟ್ಟಿಯ ಹಂಚಿಗೆ ಬೆರಳು ತಾಗಿದೊಡನೆ ಕೈ ಹಿಂದಕ್ಕೆ ಬರುತ್ತದಷ್ಟೆ. ಆ ಸುದ್ದಿ ನರದಲ್ಲಿ ಹರಿಯುವುದು ಸೋಡಿಯಂ ಅಯಾನುಗಳು ನರಕೋಶದ ಒಳಕ್ಕೆ ನುಗ್ಗಿ, ಪೊಟ್ಯಾಸಿಯಂ ಅಯಾನುಗಳು ಹೊರಕ್ಕೆ ಬರುವುದರಿಂದ. ಮತ್ತೆ ಅವನ್ನು ಸ್ವಸ್ಥಾನಕ್ಕೆ ಸೇರಿಸಲು ಕೋಶದ ಪೊರೆಯಲ್ಲಿ ಒಂದು ಪಂಪು ಇದೆ. ಅದು ಪ್ರತಿ ಸಲ ಮೂರು ಸೋಡಿಯಂ ಅಯಾನುಗಳನ್ನು ಹೊರಹಾಕಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳತರುತ್ತದೆ. ಡೆನ್ಮಾರ್ಕಿನ ಜೆನ್ಸ್ ಸ್ಕೌ 1957ರಲ್ಲಿ ಇದನ್ನು ತೋರಿಸಿಕೊಟ್ಟರು. 1997ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಹೃದಯದ ಬಡಿತಕ್ಕೂ ಸ್ನಾಯುವಿನ ಸಂಕೋಚಕ್ಕೂ ಕ್ಯಾಲ್ಸಿಯಂ ಅಯಾನು ಬೇಕು.

ಬೇಸಗೆಯಲ್ಲಿ ನಮ್ಮ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಲದಲ್ಲಿ ದುಡಿಯುವವರೂ ಪಾದಯಾತ್ರೆಯ ಭಕ್ತರೂ ಬೆವರಿನಲ್ಲಿ ನೀರಿನ ಜೊತೆಗೆ ಸೋಡಿಯಂ, ಕ್ಲೋರೈಡ್ ಅಯಾನುಗಳನ್ನೂ ಕಳೆದುಕೊಳ್ಳುತ್ತಾರೆ. ವಾಂತಿಭೇದಿಯಲ್ಲಂತೂ ಈ ನಷ್ಟ ಪ್ರಾಣಾಂತಿಕವಾಗುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರಿಗೆ ಕಾಲರಾ ತಗುಲಿದಾಗ, ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆತ ನೀರನ್ನು ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಕರುಳಿನ ಗೋಡೆಯಲ್ಲಿ ಸೋಡಿಯಂ ಅಯಾನೂ ಗ್ಲೂಕೋಸೂ ಒಂದಾಗಿ ಒಳಬರುತ್ತವೆ, ನೀರು ಅವನ್ನು ಹಿಂಬಾಲಿಸುತ್ತದೆ, ಓ.ಆರ್.ಎಸ್. ಕೆಲಸ ಮಾಡುವುದು ಹೀಗೆ. ಪೊಟ್ಟಣ ಸಿಗದಿದ್ದಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಸಾಕು. ಉಪ್ಪು ಅಳತೆ ಮೀರಿದರೆ ಮಗುವಿಗೆ ಅಪಾಯ. ಬೇಕಾದ ಅಯಾನಿಗೂ ಅಳತೆಯುಂಟು ಎಂಬುದು ಇಲ್ಲಿಯ ಪಾಠ.

ಕಲ್ಲಿನಲ್ಲಿ ನಡೆಯುವ ಅದಲುಬದಲು

ಈಗ ಫ್ಲೋರೈಡಿಗೆ ಬರೋಣ. ಫ್ಲೋರಿನ್ ಪರಮಾಣುವಿನಲ್ಲಿ 9 ಎಲೆಕ್ಟ್ರಾನುಗಳು: ಎರಡು, ಏಳು. ಎಂಟಕ್ಕೆ ಒಂದೇ ಕಡಿಮೆ. ಎಲೆಕ್ಟ್ರಾನನ್ನು ತನ್ನೆಡೆಗೆ ಎಳೆದುಕೊಳ್ಳುವುದರಲ್ಲಿ ಇದನ್ನು ಮೀರಿಸಿದ ಮೂಲವಸ್ತು ಇಲ್ಲ. ಆದಕಾರಣವೇ ಅದು ಅನಿಲವಾಗಿ ಬಿಡಿಯಾಗಿ ಉಳಿಯುವುದು ಬಲು ಅಪರೂಪ. ಫ್ರಾನ್ಸಿನ ಆನ್ರಿ ಮೊಯ್ಸಾನ್ 1886ರಲ್ಲಿ ಮೊದಲ ಬಾರಿಗೆ ಅದನ್ನು ಪ್ರತ್ಯೇಕಿಸುವ ಮೊದಲು ಆ ಯತ್ನದಲ್ಲಿ ಪ್ರಾಣ ಕಳೆದುಕೊಂಡವರೂ ಇದ್ದರು. ಒಂದು ಎಲೆಕ್ಟ್ರಾನು ಪಡೆದು ಫ್ಲೋರೈಡ್ ಎಂಬ ಋಣ ಅಯಾನಾದ ಮೇಲೆ ಅದು ಶಾಂತ. ಕಲ್ಲಿನಲ್ಲಿ ಅದು ಈ ರೂಪದಲ್ಲಿಯೇ ಇರುತ್ತದೆ.

ಕೃಷ್ಣಾ ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿನ ತಳದಲ್ಲಿ ಬಹುಭಾಗ ಗ್ರಾನೈಟ್ ಮತ್ತು ನೈಸ್ ಶಿಲೆಗಳಿವೆ. ಅವುಗಳಲ್ಲಿರುವ ಕಪ್ಪು ಅಭ್ರಕ, ಹಾರ್ನ್‌ಬ್ಲೆಂಡ್, ಅಪಟೈಟ್, ಫ್ಲೋರೈಟ್ ಎಂಬ ಖನಿಜಗಳಲ್ಲಿ ಫ್ಲೋರೈಡ್ ಸೇರಿಕೊಂಡಿದೆ. ನೆಲದಾಳದ ಬಿರುಕುಗಳಲ್ಲಿ ನೀರು ವರ್ಷಾನುಗಟ್ಟಲೆ ನಿಂತು ಕ್ಷಾರಗುಣ ಪಡೆದಾಗ, ಆ ನೀರಿನಲ್ಲಿರುವ ಹೈಡ್ರಾಕ್ಸೈಡ್ ಎಂಬ ಋಣ ಅಯಾನು ಅಭ್ರಕದೊಳಗಿನ ಫ್ಲೋರೈಡಿನ ಜಾಗದಲ್ಲಿ ತಾನು ಕುಳಿತು ಫ್ಲೋರೈಡನ್ನು ಹೊರಗೆ ಕಳಿಸುತ್ತದೆ. ಇದು ಸಾಧ್ಯವಾಗುವುದು ಏಕೆಂದರೆ ಎರಡಕ್ಕೂ ಆವೇಶ ಒಂದೇ, ಗಾತ್ರವೂ ಹೆಚ್ಚುಕಡಿಮೆ ಒಂದೇ. ಒಂದು ಇಟ್ಟಿಗೆ ತೆಗೆದು ಅದೇ ಅಳತೆಯ ಇನ್ನೊಂದು ಇಟ್ಟಿಗೆ ಇಟ್ಟರೆ ಗೋಡೆ ಬೀಳುವುದಿಲ್ಲವಷ್ಟೆ, ಹಾಗೆ.

ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡಿನೊಡನೆ ಕೂಡಿ ಕರಗದ ಲವಣವಾಗಿ ತಳಕ್ಕಿಳಿಯುತ್ತದೆ. ನೀರಿನಲ್ಲಿ ಫ್ಲೋರೈಡ್ ಏರಲಾರದು. ಸೋಡಿಯಂ ಹೆಚ್ಚಿದ್ದು ಕ್ಯಾಲ್ಸಿಯಂ ಕಡಿಮೆಯಿರುವ ನೀರಿನಲ್ಲಿ ಈ ತಡೆ ಇಲ್ಲ. ಆದ್ದರಿಂದ ಬೇಳೆ ಚೆನ್ನಾಗಿ ಬೇಯಿಸುವ, ಸಾಬೂನು ನೊರೆಯಾಗುವ, ನಾಲಿಗೆಗೆ ಹಿತವಾದ ಮೆದು ನೀರಿನಲ್ಲಿಯೇ ಫ್ಲೋರೈಡ್ ಹೆಚ್ಚಾಗಿರುವುದುಂಟು. ಹಿರಿಯರ ನಾಲಿಗೆ ಸೋಲುವುದು ಇಲ್ಲಿಯೇ. ಪಕ್ಕಪಕ್ಕದ ಎರಡು ಕೊಳವೆ ಬಾವಿಗಳಲ್ಲಿ ಕೂಡ ಪ್ರಮಾಣ ಬೇರೆಯಾಗಿರಬಹುದು. ಒಂದರ ಲೆಕ್ಕ ಇನ್ನೊಂದಕ್ಕೆ ಸಲ್ಲದು.

ಎಲುಬಿನಲ್ಲಿ ತಿರುಗುಮುರುಗು

ನಮ್ಮ ಎಲುಬೂ ಹಲ್ಲೂ ಒಂದು ಬಗೆಯ ಖನಿಜವೇ. ಕ್ಯಾಲ್ಸಿಯಂ ಅಯಾನು, ಫಾಸ್ಫೇಟ್ ಅಯಾನು, ಹೈಡ್ರಾಕ್ಸೈಡ್ ಅಯಾನು, ಈ ಮೂರೂ ಕ್ರಮವಾಗಿ ಕುಳಿತು ಆದ ಹರಳು ಅದು. ದೇಹದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಭಾಗ ಇರುವುದು ಎಲುಬು, ಹಲ್ಲುಗಳಲ್ಲಿಯೇ. ನೀರಿನೊಂದಿಗೆ ರಕ್ತಕ್ಕೆ ಸೇರಿದ ಫ್ಲೋರೈಡ್ ಎಲುಬಿಗೆ ಬಂದಾಗ ಅಲ್ಲಿಯ ಹೈಡ್ರಾಕ್ಸೈಡನ್ನು ಎಬ್ಬಿಸಿ ತಾನು ಕುಳಿತುಕೊಳ್ಳುತ್ತದೆ. ಕಲ್ಲಿನಲ್ಲಿ ನಡೆದ ಅದಲುಬದಲೇ ಇಲ್ಲಿ ತಿರುಗುಮುರುಗಾಗಿ ನಡೆಯಿತು. ಕಲ್ಲು ಕಳೆದುಕೊಂಡದ್ದನ್ನು ಎಲುಬು ಪಡೆಯಿತು.

ಅಲ್ಪ ಪ್ರಮಾಣದಲ್ಲಿ ಇದು ಹಿತವೇ. ಹಲ್ಲಿನ ಹೊರಪದರ ಗಟ್ಟಿಯಾಗಿ ಹುಳುಕು ಕಡಿಮೆಯಾಗುತ್ತದೆ. ಪ್ರಮಾಣ ಮೀರಿದಾಗ ಎಲುಬಿನ ರಚನೆ ಕೆಡುತ್ತದೆ, ಕೀಲಿನ ಸುತ್ತಲಿನ ಕಟ್ಟುಗಳಲ್ಲಿ ಕೂಡ ಸುಣ್ಣ ಕಟ್ಟುತ್ತದೆ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನ ಪ್ರತಿ ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದಲ್ಲಿ ಮಾತ್ರ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ರಾಯಚೂರು ಜಿಲ್ಲೆಯ ಅಂತರ್ಜಲದಲ್ಲಿ ಹಲವೆಡೆ ಈ ಮಿತಿ ಮೀರಿರುವುದು ಸರಕಾರಿ ಪರೀಕ್ಷೆಗಳಲ್ಲಿ ದಾಖಲಾಗಿದೆ. ಇದು ನಮ್ಮೊಬ್ಬರದೇ ಕಷ್ಟವಲ್ಲ. ಭಾರತದಲ್ಲಿ ಈ ರೋಗವನ್ನು ವೈದ್ಯರು ಮೊದಲು ವರದಿ ಮಾಡಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ನೆರೆಯ ತೆಲಂಗಾಣದ ನಲ್ಗೊಂಡ ಇದರಿಂದ ಬಹುಕಾಲ ಬಳಲಿದೆ.

ಮಕ್ಕಳಲ್ಲಿ ಇದರ ಗುರುತು ಹಲ್ಲಿನ ಮೇಲೆ. ಬಾಯಿಯ ಎಡಬಲ ಹಲ್ಲುಗಳಲ್ಲಿ ಸಮನಾಗಿ ಸುಣ್ಣದಂಥ ಬಿಳಿ ಮಚ್ಚೆಗಳು ಮೊದಲು ಕಾಣುತ್ತವೆ. ಪ್ರಮಾಣ ಹೆಚ್ಚಿದಲ್ಲಿ ಹಳದಿ ಅಥವಾ ಕಂದು ಬಣ್ಣದ ಅಡ್ಡಪಟ್ಟಿಗಳಾಗುತ್ತವೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಏಕೆಂದರೆ ಅದು ಮೇಲೆ ಹತ್ತಿದ ಕೊಳೆಯಲ್ಲ, ಹಲ್ಲು ರೂಪುಗೊಳ್ಳುವಾಗಲೇ ಒಳಗೆ ಸೇರಿದ್ದು. ಶಾಶ್ವತ ಹಲ್ಲುಗಳ ಹೊರಪದರ ರೂಪುಗೊಳ್ಳುವುದು ಹುಟ್ಟಿದಂದಿನಿಂದ ಸುಮಾರು ಎಂಟು ವರ್ಷದವರೆಗೆ; ಆ ಎಂಟು ವರ್ಷ ಮಗು ಕುಡಿಯುವ ನೀರೇ ಅದರ ನಗುವನ್ನು ನಿರ್ಧರಿಸುತ್ತದೆ. ದೊಡ್ಡವರಲ್ಲಿ ಕುತ್ತಿಗೆ, ಬೆನ್ನು, ಮೊಣಕಾಲುಗಳ ನೋವು ಮತ್ತು ಬಿಗಿತ ಕಾಣಿಸುತ್ತವೆ. ಬಗ್ಗಿ ಕಾಲ್ಬೆರಳು ಮುಟ್ಟಲಾಗುವುದೇ, ಗದ್ದವನ್ನು ಎದೆಗೆ ತಾಗಿಸಲಾಗುವುದೇ, ಎರಡೂ ಕೈಗಳನ್ನು ತಲೆಯ ಹಿಂದೆ ಒಯ್ಯಲಾಗುವುದೇ ಎಂದು ವೈದ್ಯರು ಪರೀಕ್ಷಿಸುತ್ತಾರೆ. ಕೀಲುನೋವಿಗೆ ಬೇರೆ ಕಾರಣಗಳೂ ಬಹಳ ಇರುವುದರಿಂದ ತಾವೇ ನಿರ್ಧರಿಸದೆ ವೈದ್ಯರನ್ನು ಕಾಣಬೇಕು. ಬಾಗಿದ ಎಲುಬನ್ನು ಮೊದಲಿನಂತೆ ಮಾಡುವ ಔಷಧ ಇಲ್ಲ. ತಡೆಯುವುದೊಂದೇ ದಾರಿ.

ಕುದಿಸಿದರೆ ಏಕೆ ಹೋಗದು?

ಈಗ ತಾಯಂದಿರ ಪ್ರಶ್ನೆಗೆ ಉತ್ತರ ತಾನಾಗಿಯೇ ಸಿಗುತ್ತದೆ. ಬಟ್ಟೆಯಲ್ಲಿ ಸೋಸಿದರೆ ಮಣ್ಣು, ಕಸ ನಿಲ್ಲುತ್ತವೆ. ಅಯಾನು ನೀರಿನ ಅಣುವಿನಷ್ಟೇ ಸೂಕ್ಷ್ಮ, ನೀರು ಹೋದ ದಾರಿಯಲ್ಲೆಲ್ಲ ಅದೂ ಹೋಗುತ್ತದೆ. ಮಿತಿಯ ಅಂಚಿನ ನೀರಿನ ಒಂದೇ ಹನಿಯಲ್ಲಿ ಇಪ್ಪತ್ತು ಕೋಟಿ ಕೋಟಿಗೂ ಮಿಕ್ಕು ಫ್ಲೋರೈಡ್ ಅಯಾನುಗಳಿರುತ್ತವೆ. ಕುದಿಸಿದಾಗ ಆವಿಯಾಗುವುದು ನೀರು ಮಾತ್ರ. ಆವೇಶವುಳ್ಳ ಅಯಾನು ನೀರಿನ ಅಣುಗಳ ಹಿಡಿತದಲ್ಲಿ ಪಾತ್ರೆಯಲ್ಲಿಯೇ ಉಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಇರುವ 4 ಲೀಟರ್ ನೀರಿನಲ್ಲಿ ಒಟ್ಟು 6 ಮಿಲಿಗ್ರಾಂ ಇದೆ. ಅದನ್ನು ಕುದಿಸಿ 3 ಲೀಟರಿಗೆ ಇಳಿಸಿದರೆ ಅದೇ 6 ಮಿಲಿಗ್ರಾಂ ಉಳಿದು, ಲೀಟರಿಗೆ 2 ಮಿಲಿಗ್ರಾಂ ಆಯಿತು. ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ತಾಮ್ರದ ಕೊಡವೂ ಇದನ್ನು ತೆಗೆಯಲಾರದು.

ಹಾಗೆಂದು ಕುದಿಸುವುದನ್ನು ಬಿಡಬಾರದು. ಕಾಲುವೆಯ ನೀರು, ಕೆರೆಯ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ, ರೋಗಾಣು ಹೆಚ್ಚು, ಅಲ್ಲಿ ಕುದಿಸಲೇಬೇಕು. ರೋಗಾಣುವಿಗೆ ಬೆಂಕಿ, ಅಯಾನಿಗೆ ಅಯಾನಿನ ಉಪಾಯ: ಇವೆರಡನ್ನು ಬೇರೆಬೇರೆಯಾಗಿ ನೆನಪಿಡಬೇಕು.

ಮಾಡಬೇಕಾದುದು

ಮೊದಲು ಪರೀಕ್ಷೆ. ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಪಂಪನ್ನು ಸ್ವಲ್ಪ ಹೊತ್ತು ಓಡಿಸಿದ ಮೇಲೆ ನೀರು ತುಂಬಿ, ಯಾವ ಬಾವಿ, ಯಾವ ದಿನ ಎಂದು ಚೀಟಿ ಅಂಟಿಸಬೇಕು. ಗ್ರಾಮ ಪಂಚಾಯತಿಯ ಪರೀಕ್ಷಾ ಕಿಟ್ಟಿನಲ್ಲಿ ಅಂದಾಜು ತಿಳಿಯುತ್ತದೆ. ಗ್ರಾಮೀಣ ಕುಡಿಯುವ ನೀರು ಸರಬರಾಜು ಇಲಾಖೆಯ ಪ್ರಯೋಗಾಲಯದಲ್ಲಿ ಖಚಿತ ಅಂಕಿ ಸಿಗುತ್ತದೆ. 'ನೀರು ಚಲೋ ಐತಿ' ಎಂಬ ಬಾಯಿಮಾತಿಗೆ ತೃಪ್ತರಾಗದೆ ಅಂಕಿಯನ್ನು ಬರೆಸಿಕೊಳ್ಳಿರಿ. ಮಳೆಗಾಲದ ಮುಂಚೆ ಒಮ್ಮೆ, ಅನಂತರ ಒಮ್ಮೆ ನೋಡಿಸುವುದು ಉತ್ತಮ.

ಮಿತಿ ಮೀರಿದ ಬಾವಿಯನ್ನು ಮುಚ್ಚಬೇಕಾಗಿಲ್ಲ. ಸ್ನಾನಕ್ಕೆ, ಬಟ್ಟೆ ತೊಳೆಯಲು ಆ ನೀರು ಬಳಸಬಹುದು. ಫ್ಲೋರೈಡ್ ಚರ್ಮದ ಮೂಲಕ ಸೇರುವ ಭಯವಿಲ್ಲ. ಕುಡಿಯಲು ಮತ್ತು ಅಡುಗೆಗೆ ಮಾತ್ರ ಬೇರೆ ನೀರು ಬೇಕು. ಅಡುಗೆಯ ನೀರನ್ನು ಮರೆಯುವವರೇ ಹೆಚ್ಚು. ಸಾರಿನಲ್ಲಿ ಕುದಿದ ನೀರಿನ ಫ್ಲೋರೈಡೂ ಹೊಟ್ಟೆಗೇ ಹೋಗುತ್ತದೆ. ನದಿಮೂಲದ ನಳದ ನೀರು ದೊರೆತರೆ ಅದು ಒಳ್ಳೆಯದು. ಸ್ವಚ್ಛವಾದ ಮಾಳಿಗೆಯಿಂದ ಹಿಡಿದ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಮಳೆಯ ನೀರನ್ನು ಬಿಟ್ಟು, ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಕೂಡಿಡಬಹುದು.

ಶೋಧಿಸುವ ಉಪಾಯಗಳು ಮೂರು. ಸಕ್ರಿಯ ಅಲ್ಯೂಮಿನಾ ಎಂಬ ಬಿಳಿಯ ಕಾಳುಗಳ ಮೇಲ್ಮೈಯಲ್ಲಿ ಹೈಡ್ರಾಕ್ಸೈಡ್ ಅಯಾನುಗಳಿರುತ್ತವೆ. ನೀರು ಹಾದುಹೋಗುವಾಗ ಫ್ಲೋರೈಡ್ ಅವುಗಳ ಸ್ಥಾನ ಹಿಡಿದು ಅಲ್ಲಿಯೇ ನಿಲ್ಲುತ್ತದೆ. ಎಲುಬಿನಲ್ಲಿ ಆಗಬಾರದ ಅದಲುಬದಲನ್ನು ಕಾಳುಗಳಲ್ಲಿ ಆಗಗೊಡುವುದೇ ಈ ಯುಕ್ತಿ. ಕಾಳುಗಳ ಜಾಗವೆಲ್ಲ ತುಂಬಿದ ಮೇಲೆ ಅವನ್ನು ಶುದ್ಧಿಗೊಳಿಸಬೇಕು ಅಥವಾ ಬದಲಿಸಬೇಕು. ಎರಡನೆಯದು ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲ್ಗೊಂಡ ವಿಧಾನ: ಪಟಿಕ ಮತ್ತು ಸುಣ್ಣವನ್ನು ಲೆಕ್ಕದಂತೆ ಬೆರೆಸಿ ಕಲಕಿದಾಗ ಆಗುವ ಹತ್ತಿಯಂಥ ಗಸಿ ಫ್ಲೋರೈಡನ್ನು ಹಿಡಿದು ತಳಕ್ಕಿಳಿಯುತ್ತದೆ. ನೀರಿನ ಗುಣಕ್ಕೆ ತಕ್ಕಂತೆ ಅಳತೆ ಬದಲಾಗುವುದರಿಂದ ತಿಳಿದವರ ಮಾರ್ಗದರ್ಶನವಿಲ್ಲದೆ ಮನೆಯಲ್ಲಿ ಮಾಡಬಾರದು. ಮೂರನೆಯದು ಊರೂರಿನ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿರುವ ಆರ್.ಓ. ಯಂತ್ರ. ಒತ್ತಡದಿಂದ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ನೂಕಿದಾಗ ಅಯಾನುಗಳ ಬಹುಭಾಗ ಹಿಂದೆಯೇ ಉಳಿಯುತ್ತದೆ. ಪೊರೆ ಹಳೆಯದಾದರೆ ಯಂತ್ರ ತಿರುಗುತ್ತಿದ್ದರೂ ಅಯಾನು ನುಸುಳುತ್ತದೆ. ಆದ್ದರಿಂದ ಘಟಕದಿಂದ ಹೊರಬರುವ ನೀರನ್ನೂ ಆಗಾಗ ಪರೀಕ್ಷಿಸಬೇಕು. ಹಿಂದುಳಿದ ನೀರನ್ನು ಬಾವಿಗೆ ಬಿಡಬಾರದು.

ಆಹಾರದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಕರುಳಿನಲ್ಲಿಯೇ ಫ್ಲೋರೈಡಿನೊಡನೆ ಕೂಡಿ ಒಂದಷ್ಟನ್ನು ಹೊರಸಾಗಿಸುತ್ತದೆ. ಹಾಲು, ಮಜ್ಜಿಗೆ, ಎಳ್ಳು, ರಾಗಿ, ನುಗ್ಗೆಸೊಪ್ಪು, ರಾಜಗಿರಿ ಸೊಪ್ಪು ಮಕ್ಕಳ ತಟ್ಟೆಯಲ್ಲಿ ಇರಲಿ. ನಿಂಬೆ, ನೆಲ್ಲಿ, ಪೇರಲ ಹಣ್ಣುಗಳೂ ಇರಲಿ. ಚಹಾದ ಎಲೆಯಲ್ಲಿಯೇ ಫ್ಲೋರೈಡ್ ಇರುವುದರಿಂದ ಇಂಥ ಊರುಗಳಲ್ಲಿ ಎಳೆಯರಿಗೆ ಚಹಾ ಬೇಡ. ಟೂತ್‌ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು, ನುಂಗದಂತೆ ನೋಡಿಕೊಳ್ಳಬೇಕು. ಆದರೆ ಆಹಾರ ನೀರಿಗೆ ಬದಲಿಯಲ್ಲ.

ಜಾತ್ರೆಯ ದಾಸೋಹದಲ್ಲಿ ಒಂದೇ ತೊಟ್ಟಿಯ ನೀರು ಸಾವಿರಾರು ಜನರಿಗೆ ಸಲ್ಲುತ್ತದೆ. ಅಂಗನವಾಡಿಯ ಕೊಡದ ನೀರು ಎಂಟು ವರ್ಷದೊಳಗಿನ ಮಕ್ಕಳಿಗೆ ಸಲ್ಲುತ್ತದೆ. ಪರೀಕ್ಷೆ ಆರಂಭವಾಗಬೇಕಾದುದು ಈ ಎರಡು ಕಡೆಗಳಿಂದ, ಅದರಲ್ಲಿಯೂ ಮೊದಲು ಅಂಗನವಾಡಿಯಿಂದ. ದೊಡ್ಡವರ ಎಲುಬಿನಲ್ಲಿ ಈಗಾಗಲೇ ಕುಳಿತದ್ದನ್ನು ಎಬ್ಬಿಸುವುದು ಕಷ್ಟ. ಮಕ್ಕಳ ಹಲ್ಲು ಇನ್ನೂ ರೂಪುಗೊಳ್ಳುತ್ತಿದೆ. ಈ ತಿಂಗಳು ಊರಿನ ನಾಲ್ಕು ಜನ ಸೇರಿ ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಒಯ್ದು, ಬಂದ ಅಂಕಿಯನ್ನು ಅಂಗನವಾಡಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸಲಿ.